ಅಧ್ಯಾಪಕರ ಬಡ್ತಿಗೆ ಸಾಧನೆಯೇ ಆಧಾರವಾಗಬೇಕಾದರೆ ಮೊದಲು ಬರೆಯಬೇಕಾದ ನಿಯಮ ಯಾವುದು?

ಪ್ರಶ್ನೆ
ಸೇವಾ ಹಿರಿತನ ನೋಡಿ ಬಡ್ತಿ ಕೊಡುವ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಸಾಧನೆ ಆಧಾರಿತ ಪದ್ಧತಿಗೆ ತರುವುದು ಹೇಗೆ? ಒಂದೊಂದು ಸಾಧನೆಗೂ ಇಷ್ಟಿಷ್ಟು ಎಂದು ಅಂಕಪಟ್ಟಿ ಇಟ್ಟರೆ ಪಕ್ಷಪಾತ ತಪ್ಪುತ್ತದೆ ಎನ್ನುವವರು ಬಹಳ. ಅನುದಾನ ಕಡಿಮೆ, ಪಾಠದ ಹೊರೆ ಹೆಚ್ಚು ಇರುವ ದೇಶಗಳಲ್ಲಿ ಇದು ಎಲ್ಲಿ ಕೆಡುತ್ತದೆ? ಬಲ್ಲವರು ತಿಳಿಸಿ.

ಉತ್ತರ 1
ಕೆಡುವುದು ಅಂಕಪಟ್ಟಿಯಲ್ಲೇ. ಭಾರತದಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2010ರಲ್ಲಿ ಎಪಿಐ ಎಂಬ, ಅಧ್ಯಾಪಕರ ಸಾಧನೆ ಎಣಿಸುವ ಅಂಕ ತಂದ ಮೇಲೆ, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಸಂಶೋಧನಾ ಪತ್ರಿಕೆಗಳಿಗೆ ಸುಗ್ಗಿಯಾಯಿತು. 2018ರ ನಿಯಮದ ಲೆಕ್ಕವನ್ನೇ ನೋಡಿ. ವಿಜ್ಞಾನದ ಪ್ರಬಂಧಕ್ಕೆ ಮೂಲ ಅಂಕ 8. ಇಬ್ಬರು ಬರೆದರೆ ತಲಾ ಶೇ 70. ಅದಕ್ಕಿಂತ ಹೆಚ್ಚು ಜನರಿದ್ದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಒಬ್ಬೊಬ್ಬರಿಗೂ ಶೇ 30. ಐದು ಹೆಸರಿದ್ದರೆ ಅದೇ ಪ್ರಬಂಧ ಒಟ್ಟು 15.2 ಅಂಕ ಹಂಚುತ್ತದೆ! ಹೆಸರು ಸೇರಿದಷ್ಟೂ ಅಂಕ ಬೆಳೆಯುವಾಗ ಪೆನ್ನು ಮುಟ್ಟದವರ ಹೆಸರೂ ಸೇರುತ್ತದೆ.

ಎಣಿಕೆ ಬಿಟ್ಟುಬಿಡಿ. ಅಭ್ಯರ್ಥಿ ತನ್ನ ಅತ್ಯುತ್ತಮ ಮೂರು ಕೆಲಸಗಳನ್ನಷ್ಟೇ ಕೊಡಲಿ, ಪ್ರತಿಯೊಂದರಲ್ಲೂ ತನ್ನ ಪಾಲೇನೆಂದು ಒಂದು ಪುಟ ಬರೆಯಲಿ. ಹೊರಗಿನ ಮೂವರು ವಿಷಯತಜ್ಞರು ಅವನ್ನು ಓದಿ ಲಿಖಿತ ಅಭಿಪ್ರಾಯ ಕೊಡಲಿ.

ಉತ್ತರ 2
ಮೇಲಿನವರ ಮಾತು ಸರಿ. ಆದರೆ ಸಣ್ಣ ದೇಶಗಳಲ್ಲಿ ಒಂದೊಂದು ವಿಷಯದ ತಜ್ಞರೆಲ್ಲ ಪರಸ್ಪರ ಪರಿಚಿತರೇ. ಅಭ್ಯರ್ಥಿಯ ಪಿಎಚ್‌ಡಿ ಮಾರ್ಗದರ್ಶಕರು, ಕಳೆದ ಐದು ವರ್ಷಗಳ ಸಹಲೇಖಕರು ಪರಿಶೀಲಕರಾಗಬಾರದು ಎಂದು ನಿಯಮದಲ್ಲೇ ಬರೆಯಬೇಕು. ಒಬ್ಬರಾದರೂ ಹೊರದೇಶದವರಿರಲಿ. ಅವರ ಸಂಭಾವನೆಗೆ ಬಜೆಟ್‌ನಲ್ಲಿ ಹಣ ಇಡದಿದ್ದರೆ ಕಡತ ತಿಂಗಳುಗಟ್ಟಲೆ ಕೊಳೆಯುತ್ತದೆ.

ಇದಕ್ಕೂ ಮೊದಲು ಕಾರ್ಯಭಾರ ಇತ್ಯರ್ಥವಾಗಲಿ. ವಾರಕ್ಕೆ 18 ಗಂಟೆ ಪಾಠ ಮಾಡುವವರನ್ನೂ 8 ಗಂಟೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಚೆನ್ನಾಗಿ ಪಾಠ ಮಾಡುವವರೇ ಹಿಂದೆ ಬೀಳುತ್ತಾರೆ, ಇದು ಘೋರ ಅನ್ಯಾಯ. ಪಾಠ, ಸಂಶೋಧನೆ, ಆಡಳಿತಕ್ಕೆ ಎಷ್ಟೆಷ್ಟು ಪಾಲು ಎಂದು ವರ್ಷದ ಆರಂಭದಲ್ಲೇ ವಿಭಾಗ ಮುಖ್ಯಸ್ಥರೂ ಅಧ್ಯಾಪಕರೂ ಸಹಿ ಹಾಕಿಡಲಿ. ಪಾಠದ ಗುಣ ಅಳೆಯಲು ವಿದ್ಯಾರ್ಥಿಗಳ ಅಭಿಪ್ರಾಯವೊಂದೇ ಸಾಲದು, ಧಾರಾಳವಾಗಿ ಅಂಕ ಕೊಡುವವರು ಮುಂದೆ ಬಂದುಬಿಡುತ್ತಾರೆ. ಪ್ರಶ್ನೆಪತ್ರಿಕೆ, ತಿದ್ದಿದ ಉತ್ತರಪತ್ರಿಕೆಗಳ ಮಾದರಿ ತರಿಸಿ ನೋಡಿ.

ಉತ್ತರ 3
ಅಧ್ಯಾಪಕರ ಸಂಬಳದ ವಿಚಾರ ಯಾರೂ ಎತ್ತಲಿಲ್ಲ. ಮೆಕ್ಸಿಕೊ 1984ರಲ್ಲಿ ಮೂಲ ಸಂಬಳ ಮುಟ್ಟದೆ, ಸಂಶೋಧಕರಿಗೆ ದರ್ಜೆವಾರು ಮಾಸಿಕ ಭತ್ಯೆ ಆರಂಭಿಸಿತು. ಪ್ರತಿಭಾವಂತರು ದೇಶ ಬಿಡದಂತೆ ತಡೆಯುವುದು ಉದ್ದೇಶ. ಆದರೆ ಭತ್ಯೆ ಪಿಂಚಣಿಗೆ ಸೇರದ್ದರಿಂದ ನಿವೃತ್ತರಾದರೆ ಆದಾಯ ಕುಸಿಯುತ್ತದೆ. ಹಾಗಾಗಿ ಹಿರಿಯರು ಹುದ್ದೆ ಬಿಡರು, ಕಿರಿಯರಿಗೆ ಜಾಗ ತೆರವಾಗದು. ನೀವು ಕೊಡುವ ಹೆಚ್ಚುವರಿ ಹಣದ ಒಂದು ಪಾಲಾದರೂ ಪಿಂಚಣಿಗೆ ಸೇರಲಿ.

ಮೊದಲ ಸುತ್ತಿನ ಮೌಲ್ಯಮಾಪನದ ಫಲಿತಾಂಶವನ್ನು ಬಡ್ತಿಗೂ ಸಂಬಳಕ್ಕೂ ತಳುಕು ಹಾಕಬೇಡಿ, ನಿಯಮದ ತೂತುಗಳು ಆಗಲೇ ಕಾಣಲಿ. ಬಡ್ತಿ ತಪ್ಪಿದವರಿಗೆ ಲಿಖಿತ ಕಾರಣ ಕೊಡಿ, ಮೇಲ್ಮನವಿಗೆ 30 ದಿನ ಇರಲಿ, ಅದನ್ನು ಕೇಳುವವರು ಮೊದಲ ಸಮಿತಿಯವರಾಗಿರಬಾರದು.