ಅಜ್ಜ ನೆಟ್ಟ ಪೀಚ್ ಮರ: ಕಾಯಿ ತುಂಬಾ, ಆದರೆ ಸಣ್ಣ, ಸಪ್ಪೆ. ಏನು ಮಾಡಲಿ?

ಹಿತ್ತಲತೋಟ:
ನಮಸ್ಕಾರ. ಹಿತ್ತಲಲ್ಲಿ ಅಜ್ಜ ನೆಟ್ಟ ಪೀಚ್ ಮರ ಇದೆ. ಹಣ್ಣಿನ ಕಾಲಕ್ಕೆ ಮೊಮ್ಮಕ್ಕಳೆಲ್ಲ ಬಂದು ಸೇರುತ್ತೇವೆ. ಮರದ ಬುಡದಲ್ಲೇ ತಿಂದು, ಉಳಿದಿದ್ದನ್ನು ಅಜ್ಜಿ ಜಾಮ್ ಮಾಡುತ್ತಾರೆ. ಈಗೀಗ ಕಾಯಿ ಗೊಂಚಲು ಗೊಂಚಲಾಗಿ ಕಚ್ಚುತ್ತದೆ, ಆದರೆ ನಿಂಬೆಹಣ್ಣಿಗಿಂತ ದೊಡ್ಡದಾಗುವುದಿಲ್ಲ. ರುಚಿಯೂ ಇಲ್ಲ. ಕೆಳಗಿನ ಕೊಂಬೆಗಳು ಬೋಳು, ಕಾಯಿಯೆಲ್ಲ ಮೇಲೆ ತುದಿಯಲ್ಲಿ. ಭಾರಕ್ಕೆ ಒಂದು ಕೊಂಬೆ ಸೀಳಿಯೂ ಹೋಯಿತು. ಚಿಗುರೆಲೆ ಕೆಂಪಾಗಿ ಉಬ್ಬಿ ಮುದುಡುತ್ತದೆ. ಗೊಬ್ಬರ ಜಾಸ್ತಿ ಮಾಡಬೇಕಾ?

ಕಸಿಕತ್ತಿ:
ಗೊಬ್ಬರ ಸದ್ಯಕ್ಕೆ ಬಿಡಿ. ಮರ ಸವರಿ ಎಷ್ಟು ಕಾಲ ಆಯಿತು? ಎಳೆಗಾಯಿ ಕಿತ್ತು ಕಡಿಮೆ ಮಾಡುತ್ತೀರಾ?

ಹಿತ್ತಲತೋಟ:
ಅಜ್ಜ ಇರುವವರೆಗೆ ಪ್ರತಿ ವರ್ಷ ಸವರುತ್ತಿದ್ದರು. ಆಮೇಲೆ ಯಾರೂ ಮುಟ್ಟಿಲ್ಲ. ಕಾಯಿ ಕೀಳುವುದಾ? ಅಜ್ಜಿ ಒಪ್ಪುವುದು ಕಷ್ಟ.

ಕಸಿಕತ್ತಿ:
ಹಾಗಾದರೆ ಕಾರಣ ಸಿಕ್ಕಿತು. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ ಮಾತ್ರ. ಒಮ್ಮೆ ಫಲ ಕೊಟ್ಟ ಜಾಗದಲ್ಲಿ ಮತ್ತೆ ಹೂವಿಲ್ಲ. ಸವರದಿದ್ದರೆ ಹೊಸ ಕಡ್ಡಿ ಬರುವುದು ತುದಿಯಲ್ಲಷ್ಟೇ, ಫಲವೂ ವರ್ಷ ವರ್ಷ ಮೇಲಕ್ಕೆ ಹೋಗುತ್ತದೆ. ಕೆಳಗೆ ನೆರಳಾಗಿ ಕಡ್ಡಿ ಒಣಗುತ್ತದೆ.

ಚಳಿಗಾಲ ಮುಗಿಯುವಾಗ, ಮಳೆಯಿಲ್ಲದ ದಿನ ನೋಡಿ ಸವರಿ. ನಡುವಿನ ಕೊಂಬೆ ತೆಗೆದು, ಮರ ಬಟ್ಟಲಿನ ಹಾಗೆ ತೆರೆದುಕೊಳ್ಳಲಿ. ಒಳಗೆ ಬಿಸಿಲು ಬೀಳಬೇಕು. ಆದರೆ ಎಲ್ಲ ಒಂದೇ ವರ್ಷ ಕಡಿಯಬೇಡಿ. ಹಳೆಯ ದಪ್ಪ ಕೊಂಬೆ ಸುಲಭವಾಗಿ ಚಿಗುರುವುದಿಲ್ಲ. ಕೆಳಗೆ ಎಲ್ಲಿ ಪಕ್ಕದ ರೆಂಬೆ ಇದೆಯೋ ಅಲ್ಲಿಗೆ ಕತ್ತರಿಸುತ್ತಾ, ಎರಡು ಮೂರು ವರ್ಷದಲ್ಲಿ ಮರವನ್ನು ಕೆಳಗಿಳಿಸಿ.

ಇನ್ನು ಕಾಯಿ. ಇದನ್ನು ಅಜ್ಜಿಗೆ ನೀವೇ ತಿಳಿಸಿ ಹೇಳಬೇಕು. ಕಾಯಿ 2 ಸೆಂ.ಮೀ. ದಪ್ಪ ಆಗುವಾಗ, ಒಳಗಿನ ಗೊರಟೆ ಗಟ್ಟಿಯಾಗುವ ಮೊದಲು, ಕಾಯಿಯಿಂದ ಕಾಯಿಗೆ 15ರಿಂದ 20 ಸೆಂ.ಮೀ. ಅಂತರ ಬಿಟ್ಟು ಉಳಿದದ್ದನ್ನೆಲ್ಲ ಕೀಳಬೇಕು. ಅರ್ಧಕ್ಕಿಂತ ಜಾಸ್ತಿ ನೆಲಕ್ಕೆ ಬೀಳುತ್ತದೆ, ಕರುಳು ಚುರ್ ಅನ್ನುತ್ತದೆ ನಿಜ. ಆದರೂ ಕೈ ತಡೆಯಬೇಡಿ. ಅಷ್ಟೂ ಕಾಯಿಗೆ ಸಿಹಿ ತುಂಬಲು ಮರದ ಎಲೆಗಳಿಗೆ ಶಕ್ತಿ ಸಾಲುವುದಿಲ್ಲ. ಬೇಕಿದ್ದರೆ ಈ ಸಲ ಒಂದೇ ಕೊಂಬೆಯಲ್ಲಿ ಮಾಡಿ. ಹಣ್ಣಾದ ಮೇಲೆ ಪಕ್ಕದ ಕೊಂಬೆಯದ್ದನ್ನೂ ಅಜ್ಜಿಗೆ ತಿನ್ನಿಸಿ, ಅವರೇ ಹೇಳಲಿ.

ತೋಟಗಾತಿ:
ಮುದುಡುವ ಎಲೆ ಬೇರೆ ವಿಷಯ. ಅದು ಟ್ಯಾಫ್ರಿನಾ ಡಿಫಾರ್ಮಾನ್ಸ್ ಎಂಬ ಶಿಲೀಂಧ್ರ. ಮೊಗ್ಗು ಉಬ್ಬುವ ಹೊತ್ತಿಗೆ ತಂಪು, ತೇವ ಇದ್ದರೆ ಹತ್ತುತ್ತದೆ. ಎಲೆ ಮುದುಡಿದ ಮೇಲೆ ಔಷಧಿ ಹೊಡೆದು ಪ್ರಯೋಜನ ಇಲ್ಲ. ಎಲೆ ಪೂರ್ತಿ ಉದುರಿದ ಮೇಲೆ, ಮೊಗ್ಗು ಉಬ್ಬುವ ಮೊದಲೇ ತಾಮ್ರದ ಶಿಲೀಂಧ್ರನಾಶಕ ಸಿಂಪಡಿಸಿ. ಪ್ರಮಾಣ ಡಬ್ಬಿಯ ಮೇಲಿರುವಷ್ಟೇ.

ಇನ್ನೊಂದು ಮಾತು. ಪೀಚ್ ಮಾವಿನಷ್ಟು ಬಾಳುವ ಮರ ಅಲ್ಲ. 15–20 ವರ್ಷಕ್ಕೇ ಸೊರಗುವುದು ಸಾಮಾನ್ಯ. ಅದೇ ರುಚಿ ಮನೆಯಲ್ಲಿ ಉಳಿಯಬೇಕಾದರೆ ಈಗಲೇ ಕಣ್ಣು ಕಸಿ ಮಾಡಿ, ಅಂದರೆ ಈ ಮರದ ಕಡ್ಡಿಯಿಂದ ಚಿಗುರುವ ಮೊಗ್ಗನ್ನು (ಅದೇ ಕಣ್ಣು) ತೊಗಟೆ ಸಮೇತ ತೆಗೆದು ಬೇರೆ ಸಸಿಗೆ ಕೂರಿಸುವುದು. ಗೊರಟೆ ಹಾಕಿದರೆ ಗಿಡ ಬರುತ್ತದೆ, ಆದರೆ ಹಣ್ಣು ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಆ ಸಸಿಗೇ ಅಜ್ಜನ ಮರದ ಕಣ್ಣು ಕೂರಿಸಬಹುದು. ಹೊಸ ಗಿಡವನ್ನು ಹಳೆಯ ಮರದ ಜಾಗದಲ್ಲೇ ನೆಡಬೇಡಿ, ಆ ಮಣ್ಣಲ್ಲಿ ಏಳಿಗೆ ಆಗುವುದಿಲ್ಲ.

ಹಿತ್ತಲತೋಟ:
ಕಸಿ ವಿಷಯ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ ಆಯಿತು. ಕೊನೆಯದಾಗಿ, ಕೀಳುವ ಹದ ಹೇಗೆ ಗೊತ್ತಾಗುತ್ತದೆ? ಮಕ್ಕಳು ಕೆಂಪು ಕಂಡ ಕೂಡಲೇ ಕೀಳುತ್ತಾರೆ.

ತೋಟಗಾತಿ:
ಕೆಂಪು ನಂಬಬೇಡಿ, ಅದು ಬಿಸಿಲು ಬಿದ್ದ ಕಡೆ ಬೇಗ ಬರುತ್ತದೆ. ತೊಟ್ಟಿನ ಸುತ್ತ ಹಸಿರು ಹೋಗಿ ಹಳದಿ ತಿರುಗಿರಬೇಕು. ಬಿಳಿ ತಿರುಳಿನ ಜಾತಿಯಾದರೆ ಕೆನೆ ಬಣ್ಣ. ಕಿತ್ತ ಮೇಲೆ ಮೆತ್ತಗಾಗುತ್ತದೆ, ಸಿಹಿ ಏರುವುದಿಲ್ಲ. ಜಾಮ್‌ಗೆ ಸಿಪ್ಪೆ ತೆಗೆಯಲು ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ತಣ್ಣೀರಿಗೆ ಹಾಕಿ, ಬೆರಳಿಗೇ ಬಿಡುತ್ತದೆ. ಗೊರಟೆಯೊಳಗಿನ ಬೀಜವನ್ನು ಮಕ್ಕಳು ಒಡೆದು ತಿನ್ನದಂತೆ ನೋಡಿಕೊಳ್ಳಿ. ಅದರಲ್ಲಿ ಹೊಟ್ಟೆಗೆ ಹೋದ ಮೇಲೆ ಸಯನೈಡ್ ಬಿಡುವ ಅಂಶ ಇದೆ.