ಚಿಕ್ಕಪ್ಪ, ಬೀಗರೂಟದ ದಿನವೂ ಮಾತ್ರೆ ಬಿಡಬೇಡಿ

ಚಿಕ್ಕಪ್ಪ, ನೀವು ಬೆಳಿಗ್ಗೆ ಹಾಕಿದ ಮೆಸೇಜ್ ಈಗ ನೋಡಿದೆ. ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್ 20 ಶುರು ಮಾಡಿದ್ದಾರೆ, ಭಾನುವಾರ ಬೀಗರೂಟ ಇದೆ, ಎರಡು ಪೆಗ್ ಹಾಕಬಹುದಾ ಅಂತ ಅಲ್ವಾ? ಅದಕ್ಕೆ ಅಣ್ಣ "ಅವತ್ತೊಂದಿನ ಮಾತ್ರೆ ಬಿಟ್ಟುಬಿಡಿ, ಏನೂ ಆಗಲ್ಲ" ಅಂದಿದ್ದಾನೆ, ಕೆಳಗೆ ಅರ್ಧ ಮನೆಯವರು ಹೆಬ್ಬೆರಳು ಒತ್ತಿದ್ದಾರೆ. ಆ ಮಾತೊಂದನ್ನು ದಯವಿಟ್ಟು ಕೇಳಬೇಡಿ.

ನಮ್ಮ ಮೆಡಿಕಲ್ ಶಾಪಿಗೆ ಬರುವವರೂ ಹೀಗೇ ಹೇಳುತ್ತಾರೆ, ಇವತ್ತು ಪಾರ್ಟಿ ಇದೆ, ಮಾತ್ರೆ ನಾಳೆ ತಗೋತೀನಿ ಅಂತ. ಬಿಟ್ಟು ಏನು ಉಪಯೋಗ? ಈ ಮಾತ್ರೆ ಒಂದು ಸಲ ನುಂಗಿದರೆ ಅದರ ಕೆಲಸ 20ರಿಂದ 30 ಗಂಟೆ ನಡೆಯುತ್ತಲೇ ಇರುತ್ತದೆ. ಶನಿವಾರ ರಾತ್ರಿ ನುಂಗಿದ್ದು ಭಾನುವಾರ ನೀವು ಗ್ಲಾಸ್ ಹಿಡಿಯುವಾಗಲೂ ಲಿವರಿನಲ್ಲಿ ಕೂತಿರುತ್ತದೆ. ಎರಡು ಗಂಟೆ ಗ್ಯಾಪ್ ಕೊಡಿ, ನಾಲ್ಕು ಗಂಟೆ ಗ್ಯಾಪ್ ಕೊಡಿ ಅನ್ನುವುದೂ ಅಷ್ಟೇ, ಸುಮ್ನೆ ಸಮಾಧಾನಕ್ಕೆ. ಈ ಭಾನುವಾರ ಬೀಗರೂಟ ಅಂತ ಬಿಡುತ್ತೀರಿ, ಮುಂದಿನ ವಾರ ಗೃಹಪ್ರವೇಶ, ಆಮೇಲೆ ಮಾರಿಹಬ್ಬ, ಕೊನೆಗೆ ಸ್ಟ್ರಿಪ್ ಅರ್ಧ ಹಾಗೇ ಉಳಿದಿರುತ್ತದೆ. ಹಾರ್ಟಿಗೆ ಕೊಟ್ಟ ಮಾತ್ರೆ ಅದು, ದಿನಾ ತಗೊಂಡರೆ ಮಾತ್ರ ಕೆಲಸ.

ಇನ್ನು ಕುಡಿಯುವ ವಿಷಯ. ಸ್ವಲ್ಪ ಕುಡಿದರೆ ಈ ಮಾತ್ರೆಗೂ ಅದಕ್ಕೂ ನೇರ ಜಗಳ ಏನೂ ಇಲ್ಲ. ಕೆಲವು ಮಾತ್ರೆಗಳಿಗೆ ಒಂದು ಗುಟುಕೂ ಬೇಡ ಅಂತ ಎಚ್ಚರಿಕೆ ಇರುತ್ತದಲ್ಲ, ಆ ಸಾಲಿನದಲ್ಲ ಇದು. ಆದರೆ ಕೊಲೆಸ್ಟ್ರಾಲ್ ತಯಾರಾಗುವುದು ಲಿವರಿನಲ್ಲಿ, ಅದನ್ನು ತಡೆಯಲು ಮಾತ್ರೆ ಹೋಗುವುದೂ ಅಲ್ಲಿಗೇ, ಮದ್ಯ ಕರಗಬೇಕಾದ್ದೂ ಅಲ್ಲೇ. ಅದಕ್ಕೇ ಜಾಸ್ತಿ ಕುಡಿಯುವವರಿಗೆ, ಲಿವರ್ ಮೊದಲೇ ಕೆಟ್ಟವರಿಗೆ ಹುಷಾರು ಅಂತ ಕಂಪನಿಯವರೇ ಚೀಟಿಯಲ್ಲಿ ಬರೆದಿರುತ್ತಾರೆ.

ಎರಡು ಪೆಗ್ ಅಂದರೆ ಯಾವ ಪೆಗ್ ಚಿಕ್ಕಪ್ಪ? ನಿಮ್ಮ ಕೈ ನನಗೆ ಗೊತ್ತು. 30 ಎಂಎಲ್ ವಿಸ್ಕಿಯಲ್ಲಿ ಹೆಚ್ಚುಕಡಿಮೆ 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 60ರ ಎರಡು ಅಂದರೆ ಅಲ್ಲಿಗೆ 40 ಆಯಿತು. ನಾನು ಬರೀ ಬಿಯರ್ ಅನ್ನುವವರೂ ಕೇಳಿಸಿಕೊಳ್ಳಿ, 650 ಎಂಎಲ್ ಸ್ಟ್ರಾಂಗ್ ಬಿಯರ್, 8 ಪರ್ಸೆಂಟಿನದು, ಒಂದು ಬಾಟಲಿಯಲ್ಲೇ ಸುಮಾರು 40 ಗ್ರಾಂ. ನಾಲ್ಕು ಸಣ್ಣ ಪೆಗ್ಗಿನ ಲೆಕ್ಕ ಅದು, ಆದರೂ ಎಲ್ಲರೂ ಎಳನೀರು ಕುಡಿದಷ್ಟು ಆರಾಮಾಗಿ ಕುಡಿಯುತ್ತಾರೆ.

ನಿಮ್ಮ ವಿಷಯದಲ್ಲಿ ನನಗೆ ಮಾತ್ರೆಗಿಂತ ಜಾಸ್ತಿ ಚಿಂತೆ ಇರುವುದು ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಇನ್ನೊಂದು ಥರದ ಕೊಬ್ಬು. ನೀವೇ ಕಳಿಸಿದ ರಿಪೋರ್ಟಿನಲ್ಲಿ 290 ಇತ್ತು, 150ರ ಒಳಗೆ ಇರಬೇಕಾದ್ದು. ಮದ್ಯ ಅದನ್ನು ಏರಿಸುತ್ತದೆ. ಜೊತೆಗೆ ಕಬಾಬು, ಬೋಟಿ, ಎರಡನೇ ಸಲದ ಬಿರಿಯಾನಿ. ಟ್ರೈಗ್ಲಿಸರೈಡ್ 500 ದಾಟಿದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಳ್ಳುವ ಭಯ ಇರುತ್ತದೆ, ಅದು ಆಸ್ಪತ್ರೆಗೆ ಹಾಕುವಂಥ ನೋವು. ರೆಡ್ ವೈನ್ ಕೊಲೆಸ್ಟ್ರಾಲ್ ಕರಗಿಸುತ್ತದೆ ಅಂತ ಯಾರೋ ಫಾರ್ವರ್ಡ್ ಹಾಕಿದ್ದೀರಲ್ಲ, ಅದನ್ನು ಡಿಲೀಟ್ ಮಾಡಿ ಸಾಕು.

ದೊಡ್ಡಪ್ಪ, ಇದನ್ನೆಲ್ಲ ಓದಿ ನೀವು ಖುಷಿಪಡಬೇಡಿ. ಸ್ಟೆಂಟ್ ಹಾಕಿದ ಮೇಲೆ ನಿಮಗೆ ಕೊಟ್ಟಿರುವ ಇಕೋಸ್ಪ್ರಿನ್ ಎವಿಯಲ್ಲಿ ಇದೇ ಅಟೊರ್ವಾಸ್ಟಾಟಿನ್ ಜೊತೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಆಸ್ಪಿರಿನ್ ಕೂಡ ಸೇರಿದೆ, ಅದರ ಮೇಲೆ ಕುಡಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಜಾಸ್ತಿ. ನಿಮ್ಮ ಲೆಕ್ಕವೇ ಬೇರೆ.

ಕುಡಿದ ಮಾರನೇ ದಿನ ತಲೆನೋವು ಅಂತ ಡೋಲೋ ಮೇಲೆ ಡೋಲೋ ನುಂಗುವುದೂ ಬೇಡ, ಅದೂ ಲಿವರಿನ ಮೇಲೇ ಬೀಳುತ್ತದೆ. ಮತ್ತೆ, ತೊಡೆ, ಮೀನಖಂಡ ಕಾರಣವಿಲ್ಲದೆ ಹಿಂಡಿದ ಹಾಗೆ ನೋಯುತ್ತಿದ್ದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ನಿನ್ನೆದು ಇನ್ನೂ ಇಳಿದಿಲ್ಲ ಅಂತ ಮಲಗಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅಪರೂಪಕ್ಕೆ ಈ ಮಾತ್ರೆಯಿಂದ ಸ್ನಾಯು ಕರಗುವುದುಂಟು, ಕುಡಿತ ಜಾಸ್ತಿ ಇದ್ದವರಿಗೆ ಆ ಅಪಾಯ ಹೆಚ್ಚು.

ಭಾನುವಾರಕ್ಕೆ ನನ್ನನ್ನು ಕೇಳಿದರೆ, ಬಿಟ್ಟರೆ ಒಳ್ಳೆಯದು. ಆಗಲ್ಲ ಅಂದರೆ ಸಣ್ಣದು ಒಂದು, ಅಳತೆ ಹಾಕಿ, ಊಟದ ಜೊತೆ, ಮಾತ್ರೆ ಎಂದಿನ ಟೈಮಿಗೆ. ಆದರೆ ಅದಕ್ಕೆ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡಿ. ಮಾತ್ರೆ ಶುರು ಮಾಡುವ ಮುಂಚೆ ಲಿವರ್ ಟೆಸ್ಟ್ ಆಗಿತ್ತಾ, ಅದರಲ್ಲಿ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಅಂಕಿ) ಎಷ್ಟಿತ್ತು ಕೇಳಿ. ವಾರಕ್ಕೆ ಎಷ್ಟು ಕುಡಿಯುತ್ತೀರಿ ಅಂದರೆ ಯಾವಾಗಲೋ ಅಪರೂಪಕ್ಕೆ ಅನ್ನಬೇಡಿ. ಚಿಕ್ಕಮ್ಮ ಪಕ್ಕದಲ್ಲಿದ್ದರೆ ಹೊರಗೆ ಹೋಗಿ ಮಾತಾಡಿ ಬೇಕಾದರೆ, ಡಾಕ್ಟರಿಗೆ ಲೆಕ್ಕ ಸರಿಯಾಗಿ ಕೊಡಿ.