ಬೋರ್ಡಿನ ಅಕ್ಷರ ಮಾಯವಾದಾಗ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ವಯಸ್ಸು 34, ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕಿ. ತಿಂಗಳಿಗೆ ಎರಡು ಮೂರು ಸಲ ಪಾಠದ ನಡುವೆ ಬೋರ್ಡಿನ ಅಕ್ಷರ ಅಳಿಸಿದಂತಾಗಿ, ಅಲ್ಲೇ ಅಂಕುಡೊಂಕು ಗೆರೆ ಮಿನುಗುತ್ತದೆ. ಅರ್ಧ ಗಂಟೆಗೆ ಅದು ಹೋಗಿ ಒಂದು ಕಡೆ ತಲೆಸಿಡಿತ, ವಾಂತಿ. ಕನ್ನಡಕ ಬದಲಿಸಿದರೂ ಗುಣವಿಲ್ಲ. ಓಡಾಟವೆಲ್ಲ ಸ್ಕೂಟರಿನಲ್ಲಿ. ಏನು ಮಾಡಲಿ?

ನೇತ್ರ ಪರೀಕ್ಷಕರು, ಹುಬ್ಬಳ್ಳಿ

ಮೇಡಂ, ನೀವು ಬರೆದದ್ದು ಔರಾ (ತಲೆನೋವಿಗೆ ಮುಂಚೆ ನೋಟದಲ್ಲಿ ಮೂಡುವ ಇಂಥ ಮಿನುಗು, ಮರೆ) ಇರುವ ಮೈಗ್ರೇನ್‌ನ ಲಕ್ಷಣದಂತೆಯೇ ಇದೆ. ಹಾಗಿದ್ದರೆ ಕನ್ನಡಕದಿಂದ ಗುಣ ಕಾಣದಿರುವುದು ಸಹಜ. ತಲೆಯ ಹಿಂಭಾಗದಲ್ಲಿ ನೋಟವನ್ನು ನಿಭಾಯಿಸುವ ಮಿದುಳಿನ ಪದರವಿದೆ. ಅಲ್ಲಿ ನರಕೋಶಗಳು ಒಮ್ಮೆ ಕೆರಳಿ ಆಮೇಲೆ ಮಂಕಾಗುವ ಅಲೆಯೊಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸಾಗುತ್ತದೆ. 1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಗೇ ಕಾಣುತ್ತಿದ್ದ ಗೆರೆ ಹರಡುವುದನ್ನು ಗುರುತು ಹಾಕಿಕೊಂಡು ಈ ವೇಗ ಲೆಕ್ಕ ಹಾಕಿದರು. ಗೆರೆ ನಡುವಿನಿಂದ ಅಂಚಿಗೆ ನಿಧಾನವಾಗಿ ಸರಿಯುವುದು ಅದಕ್ಕೇ.

ಆದರೂ ಊಹೆಯ ಮೇಲೆ ಬಿಡಬೇಡಿ. ಮುಂದಿನ ಸಲ ಶುರುವಾದ ಕೂಡಲೇ ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡಿ (ಒತ್ತಬಾರದು), ಆಮೇಲೆ ಇನ್ನೊಂದನ್ನು. ಎರಡರಲ್ಲೂ ಒಂದೇ ಜಾಗದಲ್ಲಿ ಗೆರೆ ಕಂಡರೆ ಮೂಲ ಮಿದುಳಿನಲ್ಲಿ. ಒಂದೇ ಕಣ್ಣಿನಲ್ಲಿ ಕಂಡರೆ ಅದೇ ದಿನ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಿಕೊಳ್ಳಿ. ಕಪ್ಪು ಪರದೆ ಇಳಿದಂತಾದರೂ, ಒಮ್ಮೆಲೇ ಕಪ್ಪು ಚುಕ್ಕೆಗಳು ಸುರಿದರೂ ಹಾಗೆಯೇ. ಎಡಭಾಗದ ನೋಟ ಹೋದಾಗ ‘ಎಡಗಣ್ಣು ಹೋಯಿತು’ ಎಂದು ಹೇಳುವವರೇ ಹೆಚ್ಚು, ಅದನ್ನೇ ನಂಬಿ ತಪ್ಪು ಕಡೆ ಚಿಕಿತ್ಸೆ ಶುರುವಾಗುತ್ತದೆ.

ಬಿಳಿ ಹಾಳೆಯ ನಡುವೆ ಚುಕ್ಕೆಯಿಟ್ಟು ಅದನ್ನೇ ದಿಟ್ಟಿಸುತ್ತ, 5 ನಿಮಿಷಕ್ಕೊಮ್ಮೆ ಗೆರೆಯ ಅಂಚು ಬರೆದು ಗಂಟೆ ಗುರುತಿಸಿ. ಸಾಮಾನ್ಯ ಔರಾ 5ರಿಂದ 60 ನಿಮಿಷದೊಳಗೆ ಮುಗಿಯುತ್ತದೆ. ಆ ಹಾಳೆ ನರರೋಗ ತಜ್ಞರಿಗೆ ಹತ್ತು ಮಾತಿಗಿಂತ ಹೆಚ್ಚು ಉಪಯೋಗ. ಇನ್ನೊಂದು ಮಾತು, ಕ್ಲಾಸಿನೊಳಗೆ ದಿನವಿಡೀ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಬೇಡಿ. ಕಣ್ಣು ಕತ್ತಲೆಗೆ ಒಗ್ಗಿ, ತೆಗೆದಾಗ ಬೆಳಕು ಇನ್ನಷ್ಟು ಚುಚ್ಚುತ್ತದೆ. ಬೇಕೆಂದರೆ ಗುಲಾಬಿ ಛಾಯೆಯ ಎಫ್‌ಎಲ್-41 ಲೆನ್ಸ್ ಕೇಳಿ.

ಔಷಧ ಅಂಗಡಿಯವರು, ಶಿವಮೊಗ್ಗ

ಮಾತ್ರೆ ತಪ್ಪಲ್ಲದಿದ್ದರೂ ಹೊತ್ತು ತಪ್ಪುವುದೇ ಹೆಚ್ಚು. ಮೈಗ್ರೇನ್ ಹಿಡಿದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ನೋವು ಏರಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲೇ ಕೂತು, ವಾಂತಿಯಲ್ಲಿ ಹೊರಬರುತ್ತದೆ. ಗೆರೆ ಕಂಡಾಗಲೇ ವಾಂತಿ ತಡೆಯುವ ಡೊಂಪೆರಿಡೋನ್ 10 ಮಿ.ಗ್ರಾಂ., ಜೊತೆಗೆ ಎರಡು ಬಿಸ್ಕತ್ತು ತಿಂದು ನೋವಿನ ಮಾತ್ರೆ ನ್ಯಾಪ್ರೋಕ್ಸೆನ್ 500 ಮಿ.ಗ್ರಾಂ. ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಅಲ್ಸರ್, ಕಿಡ್ನಿ ತೊಂದರೆ ಇದ್ದವರಿಗೆ ನ್ಯಾಪ್ರೋಕ್ಸೆನ್ ಆಗದು. ಮೈಗ್ರೇನ್ ಮಾತ್ರೆ ಸುಮಾಟ್ರಿಪ್ಟಾನ್ ಬರೆದುಕೊಟ್ಟಿದ್ದರೆ ಅದನ್ನು ತಲೆನೋವು ಶುರುವಾಗುವವರೆಗೆ ಇಟ್ಟುಕೊಳ್ಳಿ, ಔರಾದಲ್ಲೇ ನುಂಗಿದರೆ ಬಹಳ ಸಲ ಕೆಲಸ ಮಾಡುವುದಿಲ್ಲ. ಹೃದ್ರೋಗ, ಹತೋಟಿಗೆ ಬಾರದ ಬಿ.ಪಿ. ಇರುವವರಿಗೆ ಅದು ನಿಷಿದ್ಧ.

ಎರ್ಗೊಟಮಿನ್ ಇರುವ ‘ತಲೆನೋವಿನ ಮಾತ್ರೆ’ ಚೀಟಿಯಿಲ್ಲದೆ ಕೇಳುವವರು ತುಂಬ. ಸುಮಾಟ್ರಿಪ್ಟಾನ್‌ ತೆಗೆದುಕೊಂಡ 24 ಗಂಟೆಯೊಳಗೆ ಅದನ್ನು ಮುಟ್ಟಬೇಡಿ. ಗಂಟಲು ನೋವಿಗೆಂದು ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ನಡೆಯುತ್ತಿದ್ದರಂತೂ ಬೇಡವೇ ಬೇಡ. ಈ ಆ್ಯಂಟಿಬಯಾಟಿಕ್ ಎರ್ಗೊಟಮಿನ್ ಜೊತೆ ಸೇರಿದರೆ ಕೈಕಾಲಿನ ರಕ್ತನಾಳ ಬಿಗಿದುಕೊಳ್ಳುತ್ತದೆ. ಎರ್ಗೊಟಮಿನ್ ಮಾತ್ರೆ, ಸುಮಾಟ್ರಿಪ್ಟಾನ್ ಥರದ ಟ್ರಿಪ್ಟಾನ್ ತಿಂಗಳಿಗೆ 10 ದಿನ, ಬರೀ ಪ್ಯಾರಾಸಿಟಮಾಲ್ ಥರದ್ದು 15 ದಿನ ಮುಟ್ಟಿ ತಿಂಗಳುಗಟ್ಟಲೆ ನಡೆದರೆ ಮಾತ್ರೆಯೇ ತಲೆನೋವು ತರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ನುಂಗಿದ ದಿನಕ್ಕೆ ಸುತ್ತು ಹಾಕಿ.

ನರರೋಗ ವಿಭಾಗದ ನರ್ಸ್, ಮೈಸೂರು

ಅಕ್ಕ, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿ ಕೇಳಲೇಬೇಕು. ಪಿಸಿಓಡಿಗೋ, ಮುಟ್ಟು ಮುಂದೂಡಲೋ, ಗರ್ಭನಿರೋಧಕ್ಕೋ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಾ? ಅದರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇದ್ದರೆ ಗುಳಿಗೆ ಬದಲಿಸಬೇಕು. ಔರಾ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಮೊದಲೇ ಸ್ವಲ್ಪ ಹೆಚ್ಚು, ಈಸ್ಟ್ರೋಜನ್ ಅದನ್ನು ಮತ್ತೂ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಂಥವರಿಗೆ ಆ ಗುಳಿಗೆಯನ್ನು 4ನೇ ವರ್ಗದಲ್ಲಿ, ಅಂದರೆ ಬಳಸಬಾರದ ಪಟ್ಟಿಯಲ್ಲಿ ಇಟ್ಟಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲೂ ಈಸ್ಟ್ರೋಜನ್ ಇದೆ. ಕಾಪರ್-ಟಿಯಲ್ಲಿ ಹಾರ್ಮೋನ್ ಇಲ್ಲ. ಹೆಂಗಸರ ಡಾಕ್ಟರು ‘ತಲೆನೋವು ಇದೆಯಾ’ ಎಂದರೆ ಬರೀ ಹೌದು ಅನ್ನಬೇಡಿ, ಮಿಂಚುಗೆರೆ ಕಾಣುತ್ತದೆ ಎಂದೇ ಹೇಳಿ.

ನೋಟ ನಿಧಾನ ಹರಡದೆ ಒಂದೇ ಏಟಿಗೆ ಹೋದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಗಂಟೆ ಮೀರಿದರೂ ಔರಾ ಬಿಡದಿದ್ದರೆ ಮಲಗಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ತಿಂಗಳಿಗೆ ಎರಡು ಮೂರು ಸಲ ವಾಂತಿ ಸಮೇತ ಬರುವುದಾದರೆ ತಡೆಯುವ ಔಷಧಿಯ ಮಾತೆತ್ತುವುದು ಒಳ್ಳೆಯದು. ಪ್ರೊಪ್ರನಲಾಲ್ ಆಸ್ತಮಾ ಇದ್ದವರಿಗೆ ಆಗದು. ಫ್ಲುನಾರಿಜಿನ್ ರಾತ್ರಿ 5ರಿಂದ 10 ಮಿ.ಗ್ರಾಂ., ನಿದ್ದೆ ಬರುತ್ತದೆ, ತೂಕ ಏರುತ್ತದೆ, ಮನಸ್ಸು ಕುಗ್ಗಿದರೆ ತಕ್ಷಣ ತಿಳಿಸಬೇಕು. ಮಗು ಬೇಕೆಂದಿರುವವರಿಗೆ ಟೋಪಿರಮೇಟ್ ಬೇಡ. ಯಾವುದೇ ಆಗಲಿ, ಎರಡು ಮೂರು ತಿಂಗಳು ಕೊಡದೆ ಫಲ ಗೊತ್ತಾಗದು. ಹದಿನೈದು ದಿನಕ್ಕೇ ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟುಬಿಡುವವರೇ ಜಾಸ್ತಿ.

ನಿವೃತ್ತ ಮುಖ್ಯ ಶಿಕ್ಷಕರು, ಶಿರಸಿ

ತಂಗಿ, ಏಕಾದಶಿ ಸಂಕಷ್ಟಿಯೆಂದು ಹೊಟ್ಟೆ ಖಾಲಿ ಬಿಡಬೇಡ, ಹಾಲು ಹಣ್ಣಾದರೂ ಇರಲಿ. ತಲೆಸ್ನಾನ ಮಾಡಿದ ದಿನವೇ ಬರುತ್ತದೆಯೇ ಎಂದೂ ಗಮನಿಸು. ನಮ್ಮ ದೇಶದ ವೈದ್ಯರು ಗುರುತಿಸಿರುವ ಕಾರಣವೇ ಅದು. ಹಾಗಿದ್ದರೆ ಕೂದಲು ಒಣಗಿಸಿಕೊಂಡೇ ಹೊರಡು. ಚೋಕ್ ಹಳತಾಗಿ ಮಿಣಮಿಣ ಎನ್ನುವ ಟ್ಯೂಬ್‌ಲೈಟ್ ತೆಗೆಸಲು ಶಾಲೆಯಲ್ಲಿ ಒಂದು ಅರ್ಜಿ ಕೊಡು.

ಸ್ಕೂಟರಿನ ಮೇಲಿದ್ದಾಗ ಗೆರೆ ಶುರುವಾದರೆ ‘ಮನೆ ಹತ್ತಿರವೇ ಇದೆ’ ಎಂದು ಎಳೆಯಬೇಡ. ಕಾಣದ ಜಾಗ ಕಪ್ಪಾಗಿ ತೋರುವುದಿಲ್ಲ, ಸುತ್ತಲಿನ ಬಣ್ಣವನ್ನೇ ಮಿದುಳು ಅಲ್ಲಿಗೆ ತುಂಬಿಬಿಡುತ್ತದೆ. ಹಾಗಾಗಿ ಎದುರಿನ ಬೈಕು ಇಲ್ಲವೆಂದೇ ಅನಿಸುತ್ತದೆ. ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿ, ನೋಟ ಪೂರ್ತಿ ತಿಳಿಯಾಗುವವರೆಗೆ ನೆರಳಲ್ಲಿ ಕೂರು. ಬಳಿಕ ತಲೆನೋವು ಏರಿದರೆ ಆಟೋ ಹಿಡಿ, ಗಾಡಿಯನ್ನು ಯಾರಾದರೂ ತಂದಾರು.